ಮಡಿಯಲ್ಲಿದ್ದ ಕಂಪ್ಯೂಟರು

ಸವಣೂರಿನ ವಕೀಲ ವಿಜಯೀಂದ್ರರಾಯರಿಗೆ ಹೆಂಡತಿಯ ಮೇಲೆ ಇದ್ದದ್ದು ಒಂದೇ ತಕರಾರು. (ಉಳಿದವನ್ನೆಲ್ಲ ಅವರು ಎಂದೋ ರಾಜಿ ಮಾಡಿಕೊಂಡಿದ್ದರು.) ತಮ್ಮ ಹಳೆಯ ಕಂಪ್ಯೂಟರನ್ನು ಆಕೆ ಸುಮ್ಮನೆ ಬಿಡುತ್ತಿರಲಿಲ್ಲ.

"ಏನ್ರೀ, ಆ ವಿಂಡೋಸ್ ಮಾಡಿದ ಕಂಪನಿಯವರೇ ಅದನ್ನ ಕೈಬಿಟ್ಟು ಭಾಳ ದಿನ ಆತು. ಕಿಂಡಿ ಬಿದ್ರ ಮುಚ್ಚೋರಿಲ್ಲ. ಆ ಕಿಂಡಿ ಎಲ್ಲೆಲ್ಲಿ ಅವ ಅಂತ ಕಳ್ಳರಿಗೆ ಮಾತ್ರ ಗೊತ್ತಿರ್ತದ. ನಮ್ಮ ಬ್ಯಾಂಕಿನಾಗ ಅಂಥಾವೆಲ್ಲ ಎಂದೋ ತಗದು ಹಾಕ್ಯಾರ," ಎಂದು ಪ್ರಿಯಂವದಾ ಶಿಗ್ಗಾಂವಿಯ ಬ್ಯಾಂಕಿಗೆ ಹೊರಡುವ ಮುಂಚೆ ದಿನಾ ಹೇಳುತ್ತಿದ್ದಳು.

"ನಿಮ್ಮ ಬ್ಯಾಂಕಿನಾಗ ಕಂಡಕಂಡವರು ಮುಟ್ತಾರ. ಇದು ಮಡ್ಯಾಗ ಅದ. ಯಾರೂ ಮುಟ್ಟದ್ದಕ್ಕ ಏನು ತಗಲ್ತದ?" ಎಂದು ರಾಯರು ವಾದ ಮುಗಿಸುತ್ತಿದ್ದರು.

ಇದು ಬರೀ ಮಾತಾಗಿರಲಿಲ್ಲ. ಕಂಪ್ಯೂಟರು ದೇವರಮನೆಯ ಪಕ್ಕದ ಕೋಣೆಯಲ್ಲಿ ಒಗೆದ ಪಂಚೆ ಹೊದ್ದು ವಿರಾಜಮಾನವಾಗಿತ್ತು. ರಾಯರು ಸ್ನಾನ ಮಾಡಿ, ಮಡಿ ಉಟ್ಟು, ಬಲಗೈಯಿಂದಲೇ ಅದರ ಗುಂಡಿ ಒತ್ತುತ್ತಿದ್ದರು. ಹೊರಗಿನ ಪೆನ್‌ಡ್ರೈವಿಗೆ ಒಳಗೆ ಪ್ರವೇಶವಿರಲಿಲ್ಲ. ಕಾರಣವೂ ಸಣ್ಣದಲ್ಲ. ಅವರ ತಾಯಿ ಗೋಪಿಕಾಬಾಯಿ ಹಾಡಿದ್ದ ದೇವರನಾಮಗಳೆಲ್ಲ ಅದರಲ್ಲಿದ್ದವು. ಗಂಟಲಿನ ಆಪರೇಷನ್ ಆದಮೇಲೆ ಆ ತಾಯಿಯ ದನಿ ಪಿಸುಮಾತಿಗೆ ಇಳಿದಿತ್ತು. ಹಳೆಯ ದನಿ ಉಳಿದದ್ದು ಆ ಪೆಟ್ಟಿಗೆಯಲ್ಲಿ. ಮುಂಜಾನೆ ಅದನ್ನು ಕೇಳದೆ ರಾಯರಿಗೆ ಚಹಾ ಇಳಿಯುತ್ತಿರಲಿಲ್ಲ.

ಒಂದು ಏಕಾದಶಿಯ ಬೆಳಿಗ್ಗೆ ರಾಯರಿಗೆ 'ಹೊಸ ಪಂಚಾಂಗ, ಉಚಿತ' ಎಂಬ ಮೇಲ್ ಬಂತು. ಕಳಿಸಿದವನ ಗುರುತಿಲ್ಲ. ಆದರೆ ಪಂಚಾಂಗ ಕಳಿಸುವವನು ಕೆಟ್ಟವನಿರಲು ಸಾಧ್ಯವೇ? ರಾಯರು ಭಕ್ತಿಯಿಂದ ಒತ್ತಿದರು. ಪಂಚಾಂಗ ಬರಲಿಲ್ಲ, ಪರದೆ ಕೆಂಪಾಯಿತು. ನಿಮ್ಮದೆಲ್ಲಕ್ಕೂ ಬೀಗ ಹಾಕಿದ್ದೇವೆ, ದುಡ್ಡು ಕಳಿಸಿದರೆ ಕೀಲಿ ಕೊಡುತ್ತೇವೆ ಎಂಬ ನೋಟೀಸು ಮೂಡಿತು. (ಜೀವಮಾನವಿಡೀ ಊರಿಗೆಲ್ಲ ನೋಟೀಸು ಕಳಿಸಿದವರಿಗೆ ಇದು ಮೊದಲನೆಯದು.) ಹಾಡುಗಳ ಮೇಲೆ ಒತ್ತಿ ನೋಡಿದರು. ಒಂದೂ ಬಾಯಿ ಬಿಡಲಿಲ್ಲ.

ಪ್ರಿಯಂವದಾ ಓಡಿಬಂದು ಮೊದಲು ಇಂಟರ್‌ನೆಟ್ಟಿನ ವೈರು ಕಿತ್ತಳು.

"ಯಾರು ಮುಟ್ಟಿದ್ರು?"

"ನಾನೇ."

"ಮಡ್ಯಾಗ?"

"ಮಡ್ಯಾಗ." ರಾಯರು ಇನ್ನೊಮ್ಮೆ ಹಾಡಿನ ಮೇಲೆ ಒತ್ತಿದರು. "ಅವ್ವನ ದನಿ ಹೋತಲ್ಲ, ಪ್ರಿಯಂವದಾ."

ನಗಲೆಂದೇ ಬಾಯಿ ತೆರೆದಿದ್ದ ಆಕೆ ಗಂಡನ ಕಣ್ಣಲ್ಲಿ ನೀರು ಕಂಡು, ಬಾಗಿಲಿಗೆ ಬಂದು ನಿಂತಿದ್ದ ಅತ್ತೆಯ ಕಡೆ ನೋಡಿದಳು. ಅಷ್ಟರಲ್ಲಿ ಗೋಪಿಕಾಬಾಯಿ ಅಡುಗೆಮನೆಗೆ ಹೋಗಿ, ಉಪ್ಪಿನಕಾಯಿ ಜಾಡಿಗಳ ಹಿಂದಿನಿಂದ ಒಂದು ರೇಷ್ಮೆ ಚೂರಿನ ಗಂಟು ತಂದರು. (ಮಗ ಕೈಯಿಟ್ಟರೆ ಉಪ್ಪಿನಕಾಯಿ ಬೂಸು ಹಿಡಿಯುತ್ತದೆಂದು ಆ ಜಾಗ ರಾಯರಿಗೆ ನಿಷಿದ್ಧ.) ಗಂಟಿನಲ್ಲಿ ಪೆನ್‌ಡ್ರೈವ್ ಇತ್ತು.

"ಆ ಪೆಟ್ಟಿಗಿ ನೆಚ್ಚಬ್ಯಾಡ್ರಿ ಅಂತ ಇಕಿ ಹೇಳಿದ್ಲು. ನೀ ಕೋರ್ಟಿಗೆ ಹೋದಾಗ ಎಲ್ಲಾ ಹಾಡು ಇದರಾಗ ಇಳಿಸಿ ಇಟ್ಟೀವಿ," ಎಂದು ಪಿಸುಗುಟ್ಟಿದರು.

"ಮತ್ತ ಮಡಿ, ಅವ್ವಾ?"

"ತುಳಸಿ ನೀರು ಚಿಮುಕಿಸಿದ್ದೆ. ದೂರದಿಂದ."

ಈಗ ಹೊಸ ಕಂಪ್ಯೂಟರು ಬಂದಿದೆ. ಅದೂ ಮಡಿಯಲ್ಲೇ ಇದೆ, ಆದರೆ ನಿಯಮ ಮಾಡಿದವರು ಗೋಪಿಕಾಬಾಯಿ. ಸೊಸೆ ಸ್ನಾನಕ್ಕೆ ಮೊದಲೇ ಬಂದು ಹಾಡು ಹಚ್ಚಬಹುದು. ರಾಯರು ಸ್ನಾನ ಮಾಡಿ, ಮಡಿ ಉಟ್ಟು, ಹೊಸ್ತಿಲ ಹೊರಗೆ ಮಣೆಯ ಮೇಲೆ ಕೂತು ಕೇಳಬೇಕು. ಮೊನ್ನೆ ಹಾಡು ನಡುವೆ ನಿಂತಿತೆಂದು ಅವರು ಎದ್ದು ಕೈ ಚಾಚಿದರು. ತಾಯಿ ಇದ್ದಷ್ಟೇ ದನಿಯಲ್ಲಿ ಗದರಿದರು:

"ದೂರ ಸರಿ! ನೀ ಮುಟ್ಟಿದ್ರ ಮೈಲಿಗಿ ಆಗ್ತದ."