ಬಹಿಷ್ಕಾರದ ರೊಟ್ಟಿ

ಶಿದ್ರಾಮಪ್ಪನ ಬಹಿಷ್ಕಾರ ಬೆಳಗಿನ ಒಂಬತ್ತರವರೆಗೆ ಕಲ್ಲಿನಂತೆ ಗಟ್ಟಿಯಾಗಿತ್ತು. ಅದನ್ನು ಕೆಡಿಸಿದ್ದು ರೊಟ್ಟಿ. ಅದೂ ಅವನೇ ತರಿಸಿದ ರೊಟ್ಟಿ.

ಹಿಪ್ಪರಗಿ ಕಡೆಯ ಹಿರೇಹಳ್ಳದ ತೋಟ ಎಂದರೆ ಕಬ್ಬಿನ ನಡುವೆ ಚದುರಿಕೊಂಡ ಒಂದಷ್ಟು ಮನೆ, ಒಂದು ಶಾಲೆ. ಅದಕ್ಕೂ ಡಾಂಬರು ರಸ್ತೆಗೂ ನಡುವೆ ಹಳ್ಳ. ಹಳ್ಳಕ್ಕೆ ಸೇತುವೆ ಇಲ್ಲ. ಸೇತುವೆಯ ಮಾತು ಮಾತ್ರ ಪ್ರತಿ ಚುನಾವಣೆಗೂ ತಪ್ಪದೆ ಬರುತ್ತದೆ, ಮಾತು ಕೊಟ್ಟವರು ಮತ್ತೆ ಬರುವುದಿಲ್ಲ. ಹೋದ ಮಳೆಗಾಲದಲ್ಲಿ ಶಿದ್ರಾಮಪ್ಪ ಹೊಸ ಧೋತರ ಉಟ್ಟು ಬೀಗರ ಮನೆಗೆ ಹೊರಟವನು ಬೈಕಿನ ಸಮೇತ ಆ ಹಳ್ಳದಲ್ಲಿ ಮಲಗಿದ. ಎದ್ದವನೇ ಗುಡಿಯ ಕಟ್ಟೆಗೆ ಬಂದು ಊರನ್ನು ಕೂಡಿಸಿದ್ದ.

"ಈ ಸಲ ಒಂದ ಓಟೂ ಬೀಳಬಾರದು. ಸೊನ್ನಿ ಕಂಡ್ರನ ಅವರಿಗಿ ಎಚ್ಚರ ಆಗೂದು!"

ಎಲ್ಲರೂ ಹೂಂ ಎಂದರು. ಅವನಿಗೇ ಆಶ್ಚರ್ಯ. ಅವನ ಮಾತನ್ನು ಅದುವರೆಗೆ ಮನೆಯ ಎಮ್ಮೆ ಕೂಡ ಕೇಳಿದ್ದಿಲ್ಲ. ಹಾಗಾಗಿ ಸೇತುವೆಗಿಂತ ದೊಡ್ಡ ಆಸೆಯೊಂದು ಅವನೊಳಗೆ ಕೂತಿತು: ತಾನು ಹೇಳಿದ್ದನ್ನು ಊರು ಒಮ್ಮೆಯಾದರೂ ನಡೆಸಬೇಕು.

ಮತದಾನದ ದಿನ ಶಾಲೆಯ ಗೇಟಿನಾಚೆ ಬೇವಿನ ಮರದ ಕೆಳಗೆ ಹೊರಸು ಹಾಕಿ ಕಾವಲು ಕೂತ. ಬೆಳಿಗ್ಗೆಯಿಂದ ನರಪಿಳ್ಳೆಯೂ ಸುಳಿದಿರಲಿಲ್ಲ. ಒಂಬತ್ತಕ್ಕೆ ಮತಗಟ್ಟೆಯ ಮುಖ್ಯ ಅಧಿಕಾರಿ ಪ್ರೇಮಕುಮಾರ ಮಾಸ್ತರರು ಹೊಟ್ಟೆ ಸವರುತ್ತ ಹೊರಗೆ ಬಂದರು. ಮುಧೋಳದ ಕಡೆಯವರು, ಸಾಧು ಮನುಷ್ಯ.

"ಯಜಮಾನ್ರ, ಓಟ ಹಾಕಬ್ಯಾಡ್ರಿ, ಅದು ನಿಮ್ಮ ಇಚ್ಛಾ. ಆದ್ರ ಸಾಲಿ ಅಡಗಿಯವ್ವನೂ ಬಹಿಷ್ಕಾರ ಅಂತ ಬಂದಿಲ್ರಿ. ನಿನ್ನಿ ರಾತ್ರಿಯಿಂದ ಬಿಸ್ಕೀಟ್ ಮ್ಯಾಲ ಅದೇವಿ."

ಶಿದ್ರಾಮಪ್ಪ ಹೊರಸಿನಿಂದ ಎದ್ದು ನಿಂತ. ಊರಿಗೆ ಬಂದವರು ಉಪವಾಸ ಇರುವುದೆಂದರೇನು!

"ಓಟ ಕೊಡೂದಿಲ್ಲ ಖರೆ. ಹಂಗಂತ ರೊಟ್ಟಿ ಕೊಡದಷ್ಟು ಕೆಟ್ಟ ಮಂದಿ ನಾವಲ್ರಿ" ಎಂದವನೇ ಮನೆಮನೆಗೂ ಹೇಳಿಕಳಿಸಿದ: "ಒಂದೊಂದ ಮನಿಯಿಂದ ಏನರೆ ಒಂದೊಂದ ತಂದು ಸಾಲಿಗಿ ಕೊಡ್ರಿ."

ಮೊದಲು ಬಂದವಳು ಅವನ ಹೆಂಡತಿ ತಾರವ್ವ. ತಲೆಯ ಮೇಲೆ ರೊಟ್ಟಿ ಬುಟ್ಟಿ. ಶಿದ್ರಾಮಪ್ಪ ಎದೆಯುಬ್ಬಿಸಿ ಗೇಟು ತೋರಿಸಿದ. ಅವಳು ಒಳಗೆ ಹೋದಳು, ತುಸು ತಡೆದು ಹೊರಬಂದಳು. ಎಡಗೈ ಸೆರಗಿನೊಳಗಿತ್ತು.

"ಯಾಕ ಹೊತ್ತಾತು?"

"ಬಡಿಸಿ ಬರೂದ ಬ್ಯಾಡೇನ್ರಿ? ಇಟ್ಟ ಬರಾಕ ಅವರೇನ ದನಾನ?"

ಅದೂ ಸರಿಯೇ ಎನಿಸಿತು. ಅವಳ ಹಿಂದೆ ರಾಚಪ್ಪ ಮೊಸರಿನ ಗಡಿಗೆ ಹಿಡಿದು ಬಂದ, ಅವನ ಹಿಂದೆ ಎಣ್ಣೆಗಾಯಿ, ಅದರ ಹಿಂದೆ ಶೇಂಗಾ ಹಿಂಡಿ. ಹನ್ನೊಂದರ ಹೊತ್ತಿಗೆ ಊಟದ ಸಾಲು ಗೇಟಿನಿಂದ ಕಬ್ಬಿನ ಬದುವಿನವರೆಗೆ ಬೆಳೆಯಿತು. ಊರಿನ ದೊಡ್ಡತನ ಕಂಡು ಶಿದ್ರಾಮಪ್ಪನ ಕಣ್ಣು ತುಂಬಿದವು.

ಮಧ್ಯಾಹ್ನ ಹಣಮಪ್ಪ ಬಂದ. ಕೈಯಲ್ಲಿ ಒಂದೇ ಒಂದು ಉಳ್ಳಾಗಡ್ಡಿ.

"ಇದೇನಲೇ?"

"ಮಾಸ್ತರಗ ಉಳ್ಳಾಗಡ್ಡಿ ಸೇರತೈತಂತಣ್ಣಾ."

ಹಣಮಪ್ಪನ ಮುದಿ ತಾಯಿ ಕೋಲೂರಿಕೊಂಡು ಬಂದು, ಮುಷ್ಟಿ ಬಿಚ್ಚಿ ಒಂದು ಚಿಟಿಕೆ ಉಪ್ಪು ತೋರಿಸಿದಳು. ಪಲ್ಯಕ್ಕೆ ಉಪ್ಪು ಕಡಿಮೆಯಾಗಿದೆಯಂತೆ. ಆಮೇಲೆ ಹೊಸದಾಗಿ ಮದುವೆಯಾದ ಯಲ್ಲಾಲಿಂಗ ಮತ್ತು ಕಾವ್ಯ ಬಂದರು. ಇಬ್ಬರ ನಡುವೆ ಒಂದು ಲಿಂಬೆಹಣ್ಣು.

"ಲೇ, ಒಂದ ಲಿಂಬಿಹಣ್ಣ ಹೊರಾಕ ಇಬ್ಬರ ಬೇಕಾತೇನ?"

"ದಾರಿ ಛಲೋ ಇಲ್ಲಲ್ಲ ಕಾಕಾ. ಬಿದ್ದಗಿದ್ದರ?" ಎಂದ ಯಲ್ಲಾಲಿಂಗ. ಬೈಕು ಸಮೇತ ಬಿದ್ದವನು ತಾನೇ ಸರಿದು ದಾರಿ ಬಿಟ್ಟ.

ಆದರೂ ಶಿದ್ರಾಮಪ್ಪನಿಗೆ ಅನುಮಾನ ಹತ್ತಿತು. ಒಳಗಿರುವವರು ಬೆರಳೆಣಿಕೆಯ ಮಂದಿ. ಅವರ ಹೊಟ್ಟೆ ಹೊಟ್ಟೆಯೋ ಜೋಳ ತುಂಬುವ ಹಗೇವೋ? ಹೊರಬರುವವರಾದರೂ ಹೇಗೆ ಬರುತ್ತಿದ್ದರು! ಒಬ್ಬನ ಎಡಗೈ ಕಿಸೆಯಲ್ಲಿ, ಇನ್ನೊಬ್ಬನದು ಟವೆಲ್ಲಿನ ಕೆಳಗೆ. ಇಡೀ ಊರಿಗೆ ಎಡಗೈ ನೋವು ಬಂದಂತಿತ್ತು. ಯೋಚಿಸಲು ಅವನಿಗೆ ತ್ರಾಣವಿರಲಿಲ್ಲ. ಊರಿನ ರೊಟ್ಟಿಯೆಲ್ಲ ಒಳಗೆ ಹೋಗಿ, ಕಾವಲುಗಾರನ ಹೊಟ್ಟೆಗೆ ಬೆಳಿಗ್ಗೆ ಕುಡಿದ ಚಹಾ ಒಂದೇ ಗತಿಯಾಗಿತ್ತು.

ಆರು ಗಂಟೆ ಸಮೀಪಿಸಿತು. ಮೋಡ ಕವಿದು ಗಾಳಿ ಎದ್ದಿತು. ಖಾಲಿ ಬುಟ್ಟಿ ಒಯ್ಯಲು ಬಂದ ತಾರವ್ವನ ಸೆರಗು ಆ ಗಾಳಿಗೆ ಹಾರಿತು. ಎಡಗೈಯ ತೋರುಬೆರಳಿನ ಮೇಲೆ ಕಡುನೀಲಿ ಮಸಿ ಮಿಂಚಿತು.

ಶಿದ್ರಾಮಪ್ಪ ಹೊರಸಿನಿಂದ ಜಿಗಿದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು!

"ತಾರಾ! ನೀನೂ?"

"ನಾ ಏನ್ರಿ, ಎಲ್ಲಾರೂ. ನೀವೊಬ್ಬರ ಉಳದೀರಿ."

"ಅಂಥಾ ಸುಳ್ಳ ಮಂದೀನ ನಂಬಿ ಓಟ ಹಾಕಿದ್ರೆಲ್ಲ!"

"ನಂಬಿ ಯಾರ ಹಾಕ್ಯಾರ್ರಿ?" ತಾರವ್ವ ಬುಟ್ಟಿ ಕೆಳಗಿಟ್ಟಳು. "ಸಾಧು ಎತ್ತಿನ ಹಗ್ಗ ಬಿಟ್ಟರೂ ನಡೀತೈತಿ. ಹಾಯೂ ಎತ್ತಿನ ಮೂಗದಾಣಿ ಹಗ್ಗ ಬಿಟ್ಟ ಯಾರರೆ ಮನ್ಯಾಗ ಕುಂದರ್ತಾರೇನು? ಓಟ ಅಂದ್ರ ಆ ಹಗ್ಗರಿ, ನಂಬಿಕಿ ಇಲ್ಲಂತನ ಹಿಡದೇವಿ. ನಿಮಗ ಬ್ಯಾಸರ ಆಗಬಾರದಂತ ರೊಟ್ಟಿ ಬುಡಕ ಓಟಿನ ಚೀಟಿ ಇಟ್ಕೊಂಡ ಹೋದ್ವಿ."

ಶಿದ್ರಾಮಪ್ಪನಿಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು. ಆದರೆ ಮಾತು ಖರೆ ಎಂದು ಒಳಗೇ ಗೊತ್ತಾಯಿತು. ತಾನೂ ಹೋಗಬೇಕು. ಆದರೆ ಬೆಳಗಿನಿಂದ ಕಾವಲು ಕೂತ ಮುಖಂಡ ಬರಿಗೈಲಿ ಹೇಗೆ ಒಳಗೆ ಹೋಗುವುದು? ಏನಾದರೊಂದು ಹಿಡಿದು ಹೋದರೆ ಮರ್ಯಾದೆ ಉಳಿದೀತು!

ಮನೆಗೆ ಓಡಿದ. ಗಡಿಗೆ ಖಾಲಿ, ಬುಟ್ಟಿ ಖಾಲಿ, ನೆಲುವು ಖಾಲಿ. ಮೂಲೆಮೂಲೆ ಹುಡುಕಿ, ಕೊನೆಗೆ ಡಬ್ಬಿಯ ತಳದಲ್ಲಿ ಒಂದು ಬೆಲ್ಲದ ಹೆಂಟೆ ಸಿಕ್ಕಿತು. ಅದನ್ನು ಹಿಡಿದು ಉಸಿರು ಬಿಗಿಹಿಡಿದು ಓಡಿಬರುವಷ್ಟರಲ್ಲಿ ಪೊಲೀಸಪ್ಪ ಗೇಟು ಎಳೆದಿದ್ದ.

"ಟೈಮ್ ಮುಗೀತ್ರಿ ಯಜಮಾನ್ರ."

"ಬೆಲ್ಲ ತಂದೇನೋ ತಮ್ಮಾ…"

"ಅದನ್ನ ಕೊಡ್ರಿ, ಅದಷ್ಟ ಒಳಗ ಬರತೈತಿ" ಎಂದು ಪೊಲೀಸಪ್ಪ ಸರಳಿನ ನಡುವೆ ಕೈ ಚಾಚಿದ.

ಅಷ್ಟರಲ್ಲಿ ಅಡ್ಡಮಳೆ ಸುರಿಯಿತು, ಧೋ ಎಂದು. ಮಳೆ ನಿಂತಾಗ ಹಳ್ಳದಲ್ಲಿ ಮೊಣಕಾಲುದ್ದ ಕದಡಿದ ನೀರು, ದಡದಲ್ಲಿ ಎರೆಮಣ್ಣಿನ ರಾಡಿ. ಮತಗಟ್ಟೆಯವರನ್ನು ಒಯ್ಯಲು ಬಂದ ಬಸ್ಸು ಆಚೆ ದಂಡೆಯಲ್ಲಿ ದೀಪ ಹಾಕಿಕೊಂಡು ನಿಂತಿತ್ತು. ಮತಯಂತ್ರದ ಪೆಟ್ಟಿಗೆ ಹಿಡಿದ ಮಾಸ್ತರರು ಒಂದು ಹೆಜ್ಜೆ ಇಟ್ಟರು, ಚಪ್ಪಲಿ ರಾಡಿಗೆ ಹೋಯಿತು. ಎರಡನೆಯದಿಟ್ಟರು, ಕುಸಿದು ಕೂತರು. ಊರಿನಲ್ಲಿ ಆ ರಾಡಿಯ ಆಳ ಶಿದ್ರಾಮಪ್ಪನಷ್ಟು ಯಾರಿಗೂ ಗೊತ್ತಿರಲಿಲ್ಲ. ಅದರಲ್ಲಿ ಅವನು ಮಲಗಿ ಎದ್ದವನು.

"ಇಲ್ಲಿ ತರ್ರಿ" ಎಂದು ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡ. ಪೊಲೀಸಪ್ಪ ಒಂದು ಕೈಯಲ್ಲಿ ಅದರ ಹಿಡಿಕೆ ಬಿಡದೆ ಜೊತೆಗೆ ನಡೆದ. ಮಾಸ್ತರರು ಶಿದ್ರಾಮಪ್ಪನ ಟವೆಲ್ಲು ಹಿಡಿದು ಹಿಂದೆ ಬಂದರು. ಒಂದೂ ಓಟು ಬೀಳಬಾರದು ಎಂದವನು ಒಂದೂ ಓಟು ಬೀಳದಂತೆ ಹಳ್ಳ ದಾಟಿಸಿದ.

ಆಚೆ ದಂಡೆಯಲ್ಲಿ ಜಮಖಂಡಿಯಿಂದ ಬಂದ ದೊಡ್ಡ ಸಾಹೇಬರು ಕಾಯುತ್ತಿದ್ದರು. ಮಾಸ್ತರರು ಬರಿಗಾಲಲ್ಲಿ ನಿಂತು ಹೇಳಿದರು: "ಸರ್, ಊರಾಗ ಇದ್ದವರು ಒಬ್ಬರನ್ನ ಬಿಟ್ಟ ಎಲ್ಲಾರೂ ಹಾಕ್ಯಾರ. ಇಂಥಾ ಊರಿಗಿ ಒಂದ ಸೇತುವಿ ಇಲ್ಲ. ಇದನ್ನ ನಾ ರಿಪೋರ್ಟಿನ್ಯಾಗ ಬರಿಯಾವನ."

"ಬರೀರಿ. ಫೋಟೊ ಸಮೇತ ಮ್ಯಾಲ ಕಳಸೂಣು. ಹಳ್ಳಾನೂ ಬರ್ಲಿ, ಈ ರಾಡಿನೂ ಬರ್ಲಿ" ಎಂದ ಸಾಹೇಬರು ಮೊಬೈಲು ತೆಗೆದರು. ಹಳ್ಳದಾಚೆಯಿಂದ ಊರೇ ಚಪ್ಪಾಳೆ ತಟ್ಟಿತು. ಸೇತುವೆಯ ಕಾಗದ ಮೊದಲ ಬಾರಿಗೆ ಹಳ್ಳ ದಾಟುವ ಲಕ್ಷಣ ಕಂಡಿತು. ಶಿದ್ರಾಮಪ್ಪನ ಎದೆ ಮತ್ತೆ ಉಬ್ಬಿತು.

"ಯಜಮಾನ್ರ, ನಡುವ ನೀವ ನಿಂದರ್ರಿ. ಎಡಗೈ ಬೆರಳ ಎತ್ತಿ ತೋರಸ್ರಿ."

ಶಿದ್ರಾಮಪ್ಪ ಕೈಯನ್ನು ಧೋತರದ ನೆರಿಗೆಯೊಳಗೆ ಹುದುಗಿಸಿದ. "ಬ್ಯಾಡ್ರಿ ಸಾಹೇಬ್ರ, ಕೈ ಎಲ್ಲಾ ರಾಡಿ ಆಗೇತ್ರಿ. ಏನೂ ಕಾಣೂದಿಲ್ಲ."

"ಅಷ್ಟ ಹೌದಲ್ಲ?" ಎಂದ ಸಾಹೇಬರು ನಕ್ಕು, ಬಸ್ಸಿನಿಂದ ನೀರಿನ ಬಾಟಲಿ ತರಿಸಿ, ಅವನ ಕೈಯನ್ನು ಹೊರಗೆಳೆದು, ಇಡೀ ಊರಿನ ಎದುರು ತಾವೇ ಆ ಬೆರಳನ್ನು ಪ್ರೀತಿಯಿಂದ ತೊಳೆಯತೊಡಗಿದರು.