ಹಗಲೆಲ್ಲ ಕಂದುಬಣ್ಣದಲ್ಲಿ ಕೂರುವ ಗ್ಲಾಡಿಯೋಲಸ್‌ಗೆ

ಕಿಟಕಿಯ ಕೆಳಗಿನ ಮಣ್ಣಿನ ಕುಂಡದಲ್ಲಿ ಬಿಜಯಂಗೈದಿರುವ ಮಾನ್ಯ ಗ್ಲಾಡಿಯೋಲಸ್ ಅವರೇ,

ಪಾದ್ರಿಗಳು ಕಟ್ಟಿದ ಈ ಮಿಷನ್ ಊರಿನ ಮನೆಗಳಿಗೆ ಹುಲ್ಲಿನ ಮಾಡು ಹೊದಿಸಿ ಬದುಕಿದ, ಈಗ ಏಣಿ ಹತ್ತಲಾರದ ವಿಧುರ ಜೋಸಿಯಾಸ್ ಟೆಮ್ಮರ್ಸ್ ಟೋಪಿ ತೆಗೆದು ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂಬುದನ್ನು ದಿನವೂ ಬಗ್ಗಿ ನೋಡಿ ಖಾತ್ರಿ ಮಾಡಿಕೊಳ್ಳುವವನು ನಾನೇ ಆದ್ದರಿಂದ ಆ ಬಗ್ಗೆ ವಿಚಾರಿಸುವುದಿಲ್ಲ. ತಮ್ಮ ಬಣ್ಣದ ವಿಷಯದಲ್ಲಿ ಒಂದು ಸಣ್ಣ ಅಹವಾಲು ಇದೆ. ಸಣ್ಣದು ಎಂದದ್ದು ಸೌಜನ್ಯಕ್ಕೆ. ತಮ್ಮಿಂದಾಗಿ ನನ್ನ ಮರ್ಯಾದೆ ಬೀದಿಗೆ ಬಂತು.

ಸಾಕಿದ್ದನ್ನು ಎತ್ತಿ ಆಡುವ ಸಣ್ಣತನ ನನಗಿಲ್ಲ, ಆದರೂ ಆಡುತ್ತೇನೆ. ಬೀಜದಿಂದ ಹುಟ್ಟಿದ ತಾವು ಮೊದಲ ವರ್ಷ ಹುಲ್ಲಿನಂಥ ಒಂದೇ ಒಂದು ಎಲೆ ತೋರಿಸಿ ಮಾಯವಾದಿರಿ. ಮರುವರ್ಷವೂ ಅದನ್ನೇ ಮಾಡಿ, ಅದಕ್ಕೂ ನನ್ನಿಂದ ಶಹಬ್ಬಾಸ್ ಗಿಟ್ಟಿಸಿಕೊಂಡಿರಿ. ನಾನು ಜೇಡಿಮಣ್ಣಿಗೆ ಗರಸು ಬೆರೆಸಿದೆ, ಚಳಿಗಾಲದಲ್ಲೇ ಮಳೆ ಬರುವ ಈ ಸೀಮೆಯಲ್ಲಿ ಆ ಮಳೆ ಕೈಕೊಟ್ಟ ದಿನಗಳಲ್ಲಿ ನೀರುಣಿಸಿದೆ, ಎಲೆ ಒಣಗಿದೊಡನೆ ಕುಂಡವನ್ನು ನೆರಳಿಗೆ ಎಳೆದು ಬೇಸಿಗೆ ಮುಗಿಯುವ ತನಕ ಒಂದು ಹನಿಯೂ ಸೋಕದಂತೆ ಕಾವಲು ಕೂತೆ, ಏಕೆಂದರೆ ನಿದ್ದೆಯಲ್ಲಿ ನೆಂದರೆ ತಮ್ಮ ಗೆಡ್ಡೆ ಕೊಳೆತುಬಿಡುತ್ತದೆ. ಮುಳ್ಳುಹಂದಿ ತಮ್ಮನ್ನು ಅಗೆದು ತಿನ್ನದಿರಲೆಂದು ಕೋಳಿಗೂಡಿನ ಜಾಲರಿಯನ್ನೇ ಕಿತ್ತು ತಮಗೆ ಕಟ್ಟಿದೆ; ಕೋಳಿಗಳು ಊರೆಲ್ಲ ಅಲೆದವು. ಇಷ್ಟೆಲ್ಲ ಆದ ಮೇಲೆ ಈ ವಸಂತದಲ್ಲಿ ತಾವು ಹೂ ಬಿಟ್ಟಿರಿ. ಹಗಲಿಗೆ ಆರಿದ ಚಹಾದ ಬಣ್ಣ. ಹೊತ್ತು ಮುಳುಗಿದೊಡನೆ ನೀಲಿ ಬೆರೆತ ನೇರಳೆ, ಅಂಗಳದ ತುಂಬ ಲವಂಗದ ಘಮ. ಮೊದಲ ಸಂಜೆ ಅದನ್ನು ಕಂಡು ನನಗೆ ಅಳು ಬಂತು, ಕರೆದು ತೋರಿಸಲು ಮನೆಯಲ್ಲಿ ಇನ್ನೊಂದು ಜೀವ ಇರಲಿಲ್ಲ.

ದೂರು ಶುರುವಾಗುವುದು ಇಲ್ಲಿಂದ. ಶಾಲೆಯ ಅಡುಗೆಮನೆ ನಡೆಸುತ್ತಿದ್ದ ವಿಧವೆ ಲೇಯಾ ಅಪ್ಪೊಲ್ಲಿಸ್ ಅವರಲ್ಲಿ ನಾನು ಮದುವೆಯ ಪ್ರಸ್ತಾಪ ಇಟ್ಟಿದ್ದೆ. "ನನ್ನ ಗಂಡ ಬಾಯಿ ಬಿಟ್ರೆ ಬರೀ ಸುಳ್ಳು, ಬ್ರದರ್ ಜೋಸಿಯಾಸ್. ಇನ್ನೊಬ್ಬ ಸುಳ್ಳುಗಾರನ್ನ ಕಟ್ಕೊಳ್ಳೋ ತಾಳ್ಮೆ ನಂಗೆ ಉಳಿದಿಲ್ಲ, ಸ್ವಲ್ಪ ಯೋಚ್ನೆ ಮಾಡ್ತೀನಿ" ಎಂದಿದ್ದರು. ಅವರು ಯೋಚಿಸುತ್ತಿರುವಾಗ ಸುಮ್ಮನಿರುವುದು ಬಿಟ್ಟು, ನಾನು ತಮ್ಮ ನೀಲಿಯನ್ನೂ ಲವಂಗವನ್ನೂ ಬಾಯ್ತುಂಬ ಹೊಗಳಿದೆ. ಅದೆಲ್ಲ ಸಂಜೆಯಾದ ಮೇಲೆ ಮಾತ್ರ ಎಂಬುದೊಂದನ್ನು ಹೇಳಲು ಮರೆತೆ. ಅವರು ಭಾನುವಾರದ ಆರಾಧನೆ ಮುಗಿಸಿ, ಒಳ್ಳೆಯ ಟೋಪಿಯಲ್ಲೇ, ಉರಿಬಿಸಿಲಲ್ಲಿ ನೋಡಲು ಬಂದರು. "ಇದು ನೀಲೀನಾ? ನಮ್ಮ ಶಾಲೇಲಿ ತಳ ಹತ್ತಿದ ಸಾರು ಈ ಬಣ್ಣ ಇರ್ತಿತ್ತು" ಎಂದರು, ಮೂಸಿ ನೋಡಿ "ಅದಕ್ಕಾದ್ರೂ ವಾಸನೆ ಇತ್ತು" ಎಂದರು. ಸಂಜೆ ಆದ ಮೇಲೆ ಬದಲಾಗುತ್ತದೆ ಎಂದು ನಾನು ತೊದಲಿದೆ. "ನನ್ನ ಗಂಡಾನೂ ಹಂಗೇ ಅಂತಿದ್ದ, ನಾಳೆಯಿಂದ ಬದಲಾಗ್ತೀನಿ ಅಂತ" ಎಂದವರೇ ಹೊರಟುಹೋದರು.

ಸಂಜೆ ಬನ್ನಿ ಎಂದು ಕರೆಯುವ ಹಾಗಿಲ್ಲ. ಕತ್ತಲಾದ ಮೇಲೆ ವಿಧವೆಯೊಬ್ಬಳು ವಿಧುರನ ಗೇಟಿನೊಳಗೆ ಕಂಡರೆ, ಎದುರು ಮನೆಯ ಆಂಟಿ ಸಾರ್ಲಿನ್ ಕಿಟಕಿಯ ಪರದೆ ಸರಿಸುವುದಕ್ಕೂ ಸುದ್ದಿ ಪಾದ್ರಿಗಳ ಮನೆ ಮುಟ್ಟುವುದಕ್ಕೂ ಅಂತರವಿಲ್ಲ. ತಮ್ಮನ್ನು ಹೊತ್ತು ನಾನೇ ಅವರ ಮನೆಗೆ ಹೋದರೂ ಅದೇ ಗತಿ. ಕಪಾಟಿನೊಳಗೆ ಕೂರಿಸಿ ರಾತ್ರಿಯಾಯಿತೆಂದು ನಂಬಿಸಲು ನೋಡಿದೆ. ತಾವು ನನಗಿಂತ ಬುದ್ಧಿವಂತರು. ಆದಕಾರಣ ಕಳಕಳಿಯ ಪ್ರಾರ್ಥನೆ: ಮುಂದಿನ ವಸಂತದಿಂದ ತಾವು ಭಾನುವಾರಗಳಂದು ಆರಾಧನೆ ಬಿಟ್ಟ ಕೂಡಲೇ ನೀಲಿಯಾಗಬೇಕು, ಅದು ತಮ್ಮ ಘನತೆಗೆ ತಕ್ಕದ್ದಲ್ಲವಾದರೆ ಸೂರ್ಯನೊಡನೆ ಮಾತಾಡಿ ಆತನನ್ನು ಮಧ್ಯಾಹ್ನವೇ ಮನೆಗೆ ಕಳಿಸಬೇಕು, ಏನಿಲ್ಲವೆಂದರೂ ರಾತ್ರಿ ಹಾರುವ ಪತಂಗಗಳ ಮೇಲಿನ ತಮ್ಮ ಪ್ರೀತಿಯಲ್ಲಿ ಒಂದು ಚೂರನ್ನು ಮನುಷ್ಯರಿಗೂ ಎತ್ತಿಡಬೇಕು.

ಇಷ್ಟು ಬರೆದಿಟ್ಟ ಮೇಲೆ, ಬುಧವಾರ ಇಳಿಹೊತ್ತಿಗೆ ಲೇಯಾ ಮತ್ತೆ ಬಂದರು. ನಾನು ಹಿಂದೆ ಕೇಕ್ ಕಳಿಸಿದ್ದ ತಟ್ಟೆ ಹಿಂದಿರುಗಿಸುವ ನೆಪ. ತಮ್ಮ ದಂಟಿನಲ್ಲಿ ಉಳಿದಿದ್ದುದು ಕೊನೆಯ ಹೂ. ಅವರು ಕುರ್ಚಿಯನ್ನು ಕುಂಡದ ಎದುರಿಗೆ ಎಳೆದು, "ಬದಲಾಗೋದನ್ನ ನೋಡೇ ಹೋಗ್ತೀನಿ. ಆಗ್ಲಿಲ್ಲ ಅಂದ್ರೆ ಈ ಕಡೆ ಮತ್ತೆ ತಲೆ ಹಾಕಲ್ಲ" ಎಂದು ಪೊಲೀಸಿನವರಂತೆ ಕೂತರು. ಚಹಾ ಮುಗಿಯಿತು, ಇನ್ನೊಮ್ಮೆ ಮಾಡಿದ್ದೂ ಮುಗಿಯಿತು. ಗುಡ್ಡದ ಹಿಂದೆ ಬಿಸಿಲು ಜಾರಿತು. ಎದುರು ಮನೆಯ ಪರದೆ ಅಲುಗಿತು, ಆಮೇಲೆ ಪೂರ್ತಿ ತೆರೆದುಕೊಂಡಿತು. ಇನ್ನೂ ಹೊತ್ತಾದರೆ ಅವರ ಹೆಸರು ಕೆಡುತ್ತದೆ, ಎದ್ದು ಹೋದರೆ ನಾನು ಜೀವಮಾನವಿಡೀ ಸುಳ್ಳುಗಾರ. ಮಾನ್ಯರೇ, ಆಗ ತಮ್ಮನ್ನು ಬೇಡಿಕೊಂಡಷ್ಟು ನಾನು ಯಾರನ್ನೂ ಬೇಡಿಕೊಂಡವನಲ್ಲ, ಮತ್ತು ತಮ್ಮಷ್ಟು ನಿಧಾನಿಗಳನ್ನೂ ಕಂಡವನಲ್ಲ. ದೀಪ ಹಚ್ಚುವ ಹೊತ್ತಿಗೆ ಎಸಳಿನ ಅಂಚಿಗೆ ನೇರಳೆ ಇಳಿಯಿತು, ಹಿಂದೆಯೇ ಘಮ ಬಂತು. ಲೇಯಾ ಬಗ್ಗಿ ಮತ್ತೊಮ್ಮೆ ಮೂಸಿ ನೋಡಿದರು. ಆಮೇಲೆ ಎದ್ದು, ಟೋಪಿ ಸರಿಮಾಡಿಕೊಂಡು, ಗೇಟು ತೆರೆದು, ದನಿ ಚೂರೂ ತಗ್ಗಿಸದೆ ಎದುರಿನ ಕಿಟಕಿಗೆ ಹೇಳಿದರು: "ಆಂಟಿ ಸಾರ್ಲಿನ್, ಗಂಟೆ ಎಷ್ಟಾಯ್ತು ನೋಡ್ಕೊಂಡ್ರಾ? ನಾಳೆನೂ ಇಷ್ಟೇ ಹೊತ್ತಾಗ್ತದೆ. ಪರದೆ ಹಾಕೋ ಕಷ್ಟ ತಗೋಬೇಡಿ."

ಇದರಿಂದ ದೂರು ಹಿಂತೆಗೆದುಕೊಂಡೆನೆಂದು ತಾವು ಬೀಗಬಾರದು. ಅಹವಾಲು ಹಾಗೆಯೇ ಇದೆ, ಜಾಲರಿಯೂ ಇದೆ.

ತಾವು ಅಷ್ಟು ಸತಾಯಿಸಿದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಜೋಸಿಯಾಸ್ ಟೆಮ್ಮರ್ಸ್

ತಾಜಾ ಕಲಂ: ಗುರುವಾರ ಸಂಜೆ ಲೇಯಾ ಹೇಳಿದಂತೆಯೇ ಬಂದರು. ಅಷ್ಟರಲ್ಲಿ ತಾವು ಬಾಡಿ ಮುದುಡಿದ್ದಿರಿ. ಅವರು ಊಟ ಮುಗಿಯುವ ತನಕ ಕೂತಿದ್ದರು, ಹೂವಿನ ವಿಷಯವನ್ನು ಮಾತ್ರ ಒಮ್ಮೆಯೂ ಎತ್ತಲಿಲ್ಲ.