ಗುರುವಾರ ರಾತ್ರಿಯೂ ನಮ್ಮ ಹಳೇ ಕಂಪ್ಯೂಟರೂ

ಹಳೆಯದಾದದ್ದನ್ನೆಲ್ಲ ಮನೆಯಿಂದ ಹೊರಗೆ ಹಾಕಬೇಕು ಎನ್ನುವವರನ್ನು ಕಂಡರೆ ನನಗೆ ಸ್ವಲ್ಪ ಭಯ. ಆ ಲೆಕ್ಕದಲ್ಲಿ ಹೊರಟರೆ ಮೊದಲು ಹೊರಗೆ ಹೋಗಬೇಕಾದವರು ಯಾರು ಎಂಬ ಪ್ರಶ್ನೆ ಏಳುತ್ತದೆ. ನಮ್ಮ ಮನೆಯಲ್ಲಿ ಆ ಸಾಲಿನಲ್ಲಿ ನನಗಿಂತ ಮುಂದೆ ನಿಂತಿರುವವರು ನಮ್ಮ ಯಜಮಾನರು ಒಬ್ಬರೇ. ನನ್ನ ಹಿಂದೆ ನಿಂತಿರುವುದು ಕಂಪ್ಯೂಟರು. ಹಾಗಾಗಿ ಯಾರಾದರೂ ಅದನ್ನು ತೋರಿಸಿ "ಇದಿನ್ನೂ ಇಟ್ಕೊಂಡಿದೀರಾ?" ಎಂದು ಕೇಳಿದಾಗ, ಅವರ ಮುಂದಿನ ಪ್ರಶ್ನೆ ನನ್ನ ಬಗ್ಗೆಯೇ ಇರಬಹುದೆಂದು ನಾನು ತಕ್ಷಣ ಕಾಫಿಯ ಮಾತು ತೆಗೆಯುತ್ತೇನೆ.

ಬಸವೇಶ್ವರನಗರದ ನಮ್ಮ ಮನೆಯ ಹಾಲಿನ ಮೂಲೆಯಲ್ಲಿ ಅದು ಕೂತಿದೆ. ಪ್ರತಿ ಆಯುಧಪೂಜೆಗೂ ಹಚ್ಚಿದ ಅರಿಶಿನ ಕುಂಕುಮ ಒಂದರ ಮೇಲೊಂದು ಕೂತು, ಬೂದು ಬಣ್ಣದ ಡಬ್ಬಕ್ಕೆ ಈಗ ಹಳೇ ಮುತ್ತೈದೆಯ ಕಳೆ ಬಂದಿದೆ. ಸೀಡಿ ಹಾಕುವ ಬಾಯಿಯೊಳಗೆ ಒಮ್ಮೆ ಸೇವಂತಿಗೆ ಎಸಳು ಸಿಕ್ಕಿಕೊಂಡು, ಆಮೇಲೆ ಆ ಬಾಯಿ ತೆರೆದದ್ದಿಲ್ಲ. ಗುಂಡಿ ಒತ್ತಿ, ಅಡುಗೆಮನೆಗೆ ಹೋಗಿ, ಉಪ್ಪಿಟ್ಟಿಗೆ ರವೆ ಹುರಿದು ವಾಪಸ್ಸು ಬರುವ ಹೊತ್ತಿಗೆ ಸರಿಯಾಗಿ ಅದು ಎದ್ದಿರುತ್ತದೆ. ಒಳಗಿನ ಫ್ಯಾನು ಎಷ್ಟು ಗಟ್ಟಿಯಾಗಿ ತಿರುಗುತ್ತದೆಂದರೆ ಮಹಡಿ ಮೇಲಿನ ಬಾಡಿಗೆಯವರು "ಏನಾಂಟಿ, ಇವತ್ತು ದೋಸೆಗೆ ರುಬ್ಬಿದ್ರಾ?" ಎಂದು ಕೇಳುತ್ತಾರೆ. ಅದರ ಹೊಟ್ಟೆಯೊಳಗಿನ ಪುಟ್ಟ ಬ್ಯಾಟರಿ ಸತ್ತುಹೋಗಿ ಬಹಳ ಕಾಲವಾಗಿದೆ. ಅದರಿಂದ ಪ್ರತಿದಿನ ಎದ್ದಾಗಲೂ ಅದಕ್ಕೆ ಯಾವುದೋ ಹಳೆಯ ವರ್ಷದ ಜನವರಿ ಒಂದು. ನಾನು ಇವತ್ತಿನ ತಾರೀಕು ಹಾಕಿ ಅದನ್ನು ಈ ಲೋಕಕ್ಕೆ ಕರೆತರಬೇಕು. ಮಂಡಿ ನೋವಿರುವ ದಿನ ಆ ಗುಣ ನನಗೂ ಇದ್ದಿದ್ದರೆ ಎಂದು ಹೊಟ್ಟೆಕಿಚ್ಚಾಗುವುದುಂಟು.

ಎದ್ದ ಮೇಲೆ ಅದು ಒಂದು ಸೂಚನೆ ತೋರಿಸುತ್ತದೆ. ಈ ತಂತ್ರಾಂಶ ಹಳೆಯದಾಗಿದೆ, ಇನ್ನು ಮುಂದೆ ಇದಕ್ಕೆ ಯಾವ ಬೆಂಬಲವೂ ಸಿಗುವುದಿಲ್ಲ ಎಂದು. ನಾನು 'ಸರಿ' ಎಂಬುದರ ಮೇಲೆ ಒತ್ತುತ್ತೇನೆ. ಇನ್ನೇನು ಮಾಡಲಿ? ಈ ಮನೆಯಲ್ಲಿ ನನಗೂ ಯಾವ ಬೆಂಬಲ ಸಿಕ್ಕಿದೆ? ರಿಪೇರಿಯ ಮಂಜುನಾಥ ಬಂದಾಗಲೆಲ್ಲ ಅದರ ಬೆನ್ನು ಬಿಚ್ಚಿ, ಟಾರ್ಚು ಬಿಟ್ಟು ನೋಡಿ, ನಿಟ್ಟುಸಿರು ಬಿಡುತ್ತಾನೆ. "ಆಂಟಿ, ಇದರ ಪಾರ್ಟು ಎಸ್.ಪಿ. ರೋಡಲ್ಲೂ ಸಿಗಲ್ಲ. ಹೊಸದು ತಗೊಂಡ್ಬಿಡಿ, ನೀವೂ ಆರಾಮು, ನಾನೂ ಆರಾಮು" ಎನ್ನುತ್ತಾನೆ. ಅವನ ಮಾತು ಸರಿ. ಆದರೆ ಅವನಿಗೆ ಗೊತ್ತಿಲ್ಲದ್ದು ಏನೆಂದರೆ, ಆ ಡಬ್ಬದೊಳಗೆ ನನ್ನ ಜಾತಕದ ಸಾಫ್ಟ್‌ವೇರ್ ಇದೆ. ಅದು ಹೊಸ ಕಂಪ್ಯೂಟರಿಗೆ ಬರುವುದಿಲ್ಲ. ಅದಿಲ್ಲದಿದ್ದರೆ ನಾನು ಬರೀ ಮೂರನೇ ಕ್ರಾಸಿನ ಆಂಟಿ. ಅದಿದ್ದರೆ ಜಾತಕದ ಆಂಟಿ.

ನಾನು ಜ್ಯೋತಿಷ್ಯ ಕಲಿತವಳಲ್ಲ, ಕಲಿತದ್ದು ಟೈಪಿಂಗು. ಕಂಪ್ಯೂಟರು ಕೊಂಡಾಗ ಅಂಗಡಿಯವನು ತೆಂಗಿನಕಾಯಿ ಜೊತೆ ಬಾಳೆಹಣ್ಣು ಕೊಟ್ಟ ಹಾಗೆ ಈ ಸಾಫ್ಟ್‌ವೇರನ್ನೂ ಹಾಕಿಕೊಟ್ಟಿದ್ದ. ಮೊದಲ ಪ್ರಯೋಗ ನನ್ನ ಮೇಲೆ ಮತ್ತು ಯಜಮಾನರ ಮೇಲೆ. ನಮ್ಮ ಮದುವೆಯಲ್ಲಿ ಜಾತಕ ನೋಡಿರಲಿಲ್ಲ. ದೇವರಲ್ಲಿ ಹೂವು ಕೇಳಿದ್ದರು, ಹೂವು ಬಲಗಡೆಗೆ ಬಿದ್ದಿತ್ತು, ಮುಗಿಯಿತು. ಈಗ ಸಾಲಾವಳಿ ಹಾಕಿ ನೋಡಿದರೆ ಮೂವತ್ತಾರಕ್ಕೆ ಇಪ್ಪತ್ತೊಂಬತ್ತು ಗುಣ ಕೂಡಿತ್ತು! ಹದಿನೆಂಟು ಬಂದರೆ ಪಾಸು ಎನ್ನುವ ಪರೀಕ್ಷೆಯಲ್ಲಿ ನಾವು ಡಿಸ್ಟಿಂಕ್ಷನ್ನು. ಅಂದಿನಿಂದ ಆ ಇಪ್ಪತ್ತೊಂಬತ್ತು ನನ್ನ ಕೈಯ ಅಸ್ತ್ರವಾಯಿತು. "ಇಪ್ಪತ್ತೊಂಬತ್ತು ಗುಣ ಕೂಡಿರೋ ಗಂಡ ಅರ್ಧ ಲೀಟರ್ ಹಾಲು ತರೋಕೆ ಹೀಗೆ ಮುಖ ಮಾಡ್ತಾರಾ?" ಎಂದು ಕೇಳಿದರೆ ಅವರು ಪೇಪರು ಮಡಿಸಿಟ್ಟು ಚೀಲ ಹಿಡಿದು ಹೊರಡುತ್ತಿದ್ದರು.

ಆಮೇಲೆ ಅಕ್ಕಪಕ್ಕದವರು ಬರತೊಡಗಿದರು. ಒಂದು ತಾಂಬೂಲ, ಒಂದು ಡಬ್ಬಿ ಮೈಸೂರು ಪಾಕು, ಜೊತೆಗೆ ಹುಡುಗ ಹುಡುಗಿ ಹುಟ್ಟಿದ ತಾರೀಕು. ನಾನು ಗಂಭೀರವಾಗಿ ಕೂತು ಗುಂಡಿಗಳನ್ನು ಒತ್ತಿ, ತುಟಿ ಬಿಗಿದು, "ಊಂ" ಎನ್ನುತ್ತಿದ್ದೆ. ಆ ಒಂದು "ಊಂ"ಗೆ ಎಷ್ಟೋ ತಾಯಂದಿರು ಸೆರಗು ಹಿಂಡಿಕೊಂಡಿದ್ದಾರೆ. ಹದಿನೇಳು ಬಂದರೂ ನಾನು ಒಂದು ಗುಣ ದಾನ ಮಾಡಿದವಳಲ್ಲ.

ಹೀಗಿರುವಾಗ ನನ್ನ ತಂಗಿ ಲತಾಳ ಮಗಳು ಸಿಂಧುವಿನ ಮದುವೆಯ ಮಾತು ಬಂತು. ಅವರ ಮನೆ ಕೆಂಗೇರಿಯಲ್ಲಿ. ಸಿಂಧು ರಾಜರಾಜೇಶ್ವರಿನಗರದ ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡುತ್ತಾಳೆ. ಅಲ್ಲೇ ಕೆಲಸ ಮಾಡುವ ಪ್ರವೀಣನನ್ನು ಮೆಚ್ಚಿಕೊಂಡಿದ್ದಳು. ಅವನ ಮನೆಯವರು ಗದಗಿನ ಕಡೆಯಿಂದ ಬಂದು ಲಗ್ಗೆರೆಯಲ್ಲಿ ನೆಲೆಸಿದ್ದಾರೆ. ಎಲ್ಲ ಒಪ್ಪಿಗೆಯಾಗಿತ್ತು. ಲತಾಳ ಗಂಡ ಮಾತ್ರ ಒಂದು ಷರತ್ತು ಹಾಕಿದರು: "ಅತ್ತಿಗೆಯವರ ಕಂಪ್ಯೂಟರ್ ಪಾಸ್ ಮಾಡಿದ್ರೆ ನನ್ನದೇನೂ ತಕರಾರಿಲ್ಲ." ನನ್ನ ಎದೆ ಉಬ್ಬಿತು. ಪ್ರವೀಣನ ತಾಯಿ ಫೋನಿನಲ್ಲಿ ತಿಳಿಸಿದ ತಾರೀಕು, ಗುರುವಾರ ರಾತ್ರಿ ಎರಡು ಗಂಟೆ, ಎಲ್ಲ ತುಂಬಿದೆ. ಶಾಲೆಯ ದಾಖಲೆಯಲ್ಲಿ ಎಲ್ಲರಂತೆ ಅವನಿಗೂ ಮೇಷ್ಟ್ರು ಅಂದಾಜಿಗೆ ಬರೆದ ಜೂನ್ ಒಂದನೇ ತಾರೀಕೇ ಇದ್ದದ್ದರಿಂದ ತಾಯಿಯ ಮಾತೇ ಪ್ರಮಾಣ. ಫ್ಯಾನು ಬೊಬ್ಬೆ ಹೊಡೆದು ನಿಂತಿತು. ಹದಿನಾಲ್ಕು.

ಲತಾ ಫೋನಿನಲ್ಲಿ ಅತ್ತಳು. ಅವಳ ಗಂಡ "ನೋಡಿದ್ರಾ" ಎಂದರು. ನನಗೂ ಊಟ ಸೇರಲಿಲ್ಲ, ಏಕೆಂದರೆ ಸಿಂಧುವನ್ನು ನಾನೇ ಎತ್ತಿ ಆಡಿಸಿದವಳು. ಆದರೂ ಕಂಪ್ಯೂಟರು ಹೇಳಿದ್ದನ್ನು ನಾನು ಹೇಗೆ ಅಳಿಸಲಿ? ಭಾನುವಾರ ಬೆಳಗ್ಗೆ ಹುಡುಗಿ ಮೆಟ್ರೋ ಹತ್ತಿ ಬಂದೇಬಿಟ್ಟಳು. ಬ್ಯಾಗನ್ನೂ ಕೆಳಗಿಡದೆ ಶುರು ಮಾಡಿದಳು.

"ದೊಡ್ಡಮ್ಮ, ಈ ಡಬ್ಬ ಯಾವ ಕಾಲದ್ದು? ಇದಕ್ಕೆ ಇವತ್ತು ಯಾವ ವರ್ಷ ಅಂತಾನೇ ಗೊತ್ತಿಲ್ಲ. ಇದರ ಮಾತು ಕಟ್ಕೊಂಡು ನನ್ನ ಮದ್ವೆ ನಿಲ್ಲಿಸ್ತೀಯಾ?"

"ಕಂಪ್ಯೂಟರ್ ಹಳೇದಾದ್ರೆ ನಕ್ಷತ್ರ ಬದಲಾಗುತ್ತೇನೇ?"

"ನಕ್ಷತ್ರ ಬದಲಾಗಲ್ಲ, ಸಾಫ್ಟ್‌ವೇರ್ ಬದಲಾಗತ್ತೆ. ಇರು."

ಅವಳು ತನ್ನ ಲ್ಯಾಪ್‌ಟಾಪು ತೆರೆದಳು. ಅದು ಸದ್ದೇ ಇಲ್ಲದೆ ಎದ್ದಿತು. ನನಗೆ ಅದೇ ಅನುಮಾನ, ಸದ್ದು ಮಾಡದೆ ಕೆಲಸ ಮಾಡುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಹೊಸ ಜಾತಕದ ಸಾಫ್ಟ್‌ವೇರಿಗೆ ಅದೇ ವಿವರ ತುಂಬಿದಳು. ಗುಣ ಹೇಳುವ ಮೊದಲು ಅದು ಒಂದು ಪ್ರಶ್ನೆ ಕೇಳಿತು: ಜನನ ಮಧ್ಯರಾತ್ರಿಯ ನಂತರ ಆಗಿದೆ, ನೀವು ಕೊಟ್ಟ ತಾರೀಕು ಹಿಂದಿನ ದಿನದ್ದೋ ಮರುದಿನದ್ದೋ?

ಸಿಂಧು ನನ್ನ ಮುಖ ನೋಡಿದಳು. ನಾನು ನನ್ನ ಕಂಪ್ಯೂಟರಿನ ಮುಖ ನೋಡಿದೆ. ಅದು ಇಷ್ಟು ವರ್ಷದಲ್ಲಿ ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಿದ್ದಿಲ್ಲ. ಹೇಳಿದ್ದನ್ನು ನಂಬುವುದಷ್ಟೇ ಅದಕ್ಕೆ ಗೊತ್ತು. ಪ್ರವೀಣನ ತಾಯಿಗೇ ಫೋನು ಹಚ್ಚಿದೆವು.

"ಅಲ್ಲಾ ಅಕ್ಕಾರ, ಗುರುವಾರ ರಾತ್ರಿ ಎರಡಕ್ಕ ಅಂದ್ರ ಗುರುವಾರ ರಾತ್ರಿನ ರೀ. ಹಗಲೆಲ್ಲಾ ಸಂತಿ ಮಾಡಿ, ಉಂಡು ಮಲಗಿದ್ದೆ, ಆಮ್ಯಾಲೆ ನೋವು ಬಂತು. ಹೊತ್ತು ಹುಟ್ಟೂ ತನಕಾ ಗುರುವಾರ ಅಲ್ಲೇನ್ರೀ?"

ಹೌದಲ್ಲ! ನಮ್ಮ ಅಜ್ಜಿಯಿಂದ ಹಿಡಿದು ನನ್ನವರೆಗೆ ಎಲ್ಲರಿಗೂ ಸೂರ್ಯ ಹುಟ್ಟಿದ ಮೇಲೇ ಮರುದಿನ. ಕಂಪ್ಯೂಟರಿಗೆ ಮಾತ್ರ ಹನ್ನೆರಡು ಹೊಡೆದ ಕೂಡಲೇ ಮರುದಿನ. ನಾನು ಗುರುವಾರದ ತಾರೀಕು ಹಾಕಿ ಎರಡು ಗಂಟೆ ಎಂದರೆ, ಅದು ಆ ತಾಯಿ ಇನ್ನೂ ಸಂತೆಗೇ ಹೊರಡದಿದ್ದ ಗುರುವಾರದ ನಸುಕಿನಲ್ಲಿ ಮಗುವನ್ನು ಹುಟ್ಟಿಸಿಬಿಟ್ಟಿತ್ತು. ಪೂರ್ತಿ ಒಂದು ದಿನ ಮೊದಲು. ಸಿಂಧು ಶುಕ್ರವಾರದ ತಾರೀಕು ಹಾಕಿದಳು. ಇಪ್ಪತ್ತೈದು. ಹುಡುಗಿ ಕಿರುಚಿದ್ದಕ್ಕೆ ಮಹಡಿ ಮೇಲಿನವರು ಬಾಲ್ಕನಿಗೆ ಬಂದರು.

ನಾನೂ ಖುಷಿಪಟ್ಟೆ, ಸುಳ್ಳೇಕೆ ಹೇಳಲಿ. ಆದರೆ ಖುಷಿಯ ಬೆನ್ನಿಗೇ ಹಳೆಯ ಲೆಕ್ಕಗಳೆಲ್ಲ ನೆನಪಾದವು. ಈ ಬಡಾವಣೆಯಲ್ಲಿ ರಾತ್ರಿ ಹುಟ್ಟಿದ ಎಷ್ಟು ಮಂದಿಯನ್ನು ನಾನು ಒಂದು ದಿನ ಮೊದಲೇ ಭೂಮಿಗೆ ತಂದಿರಬಹುದು! ಪಕ್ಕದ ಕ್ರಾಸಿನಲ್ಲಿ ನಾನು ಮೂವತ್ತೆರಡು ಗುಣ ಕೊಟ್ಟ ಜೋಡಿಯ ಜಗಳ ನಮ್ಮ ಕಾಂಪೌಂಡಿನವರೆಗೂ ಕೇಳಿಸುತ್ತದೆ. ನಾನು ಹನ್ನೆರಡು ಕೊಟ್ಟು ಫೇಲು ಮಾಡಿದವರು ರಿಜಿಸ್ಟರ್ ಮದುವೆಯಾಗಿ, ಸಂಜೆ ಪಾರ್ಕಿನಲ್ಲಿ ಒಂದೇ ಪೊಟ್ಟಣದ ಚುರುಮುರಿ ಹಂಚಿಕೊಂಡು ತಿನ್ನುತ್ತಾರೆ. ಅವರನ್ನು ಕಂಡಾಗ ನಾನು "ಪಾಪ, ಎಷ್ಟು ದಿನವೋ" ಎಂದುಕೊಳ್ಳುತ್ತಿದ್ದೆ. ಈಗ ಅವರೆದುರು ಹೇಗೆ ಓಡಾಡುವುದೋ ತಿಳಿಯದು.

ಲತಾ ಫೋನು ಮಾಡಿ "ಅದು ಹೇಗಕ್ಕ ಹದಿನಾಲ್ಕು ಬಂದಿತ್ತು?" ಎಂದು ಕೇಳಿದಾಗ ನನ್ನ ಬಾಯಿಂದ ಬಂದದ್ದು ಇಷ್ಟೇ: "ಕಂಪ್ಯೂಟರ್ ಹಳೇದಾಗಿತ್ತು ಕಣೇ, ತಪ್ಪು ತೋರಿಸ್ತು." ಮೂಲೆಯಲ್ಲಿ ಅದರ ಫ್ಯಾನು ತಿರುಗುತ್ತಲೇ ಇತ್ತು. ಎಂಥ ಸಾಧು ಪ್ರಾಣಿ. ಆದರೆ ಒಮ್ಮೆ ತಪ್ಪು ಅದರದ್ದು ಎಂದ ಮೇಲೆ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಹೇಗೆ? ವರ್ಷಗಟ್ಟಲೆ ತೀರ್ಮಾನವಾಗದ ವಿಷಯ ಅರ್ಧ ಗಂಟೆಯಲ್ಲಿ ತೀರ್ಮಾನವಾಯಿತು. ಸಿಂಧುವೇ ಕರೆದುಕೊಂಡು ಹೋಗಿ ಹೊಸ ಲ್ಯಾಪ್‌ಟಾಪು ಕೊಡಿಸಿದಳು, ಹೊಸ ಜಾತಕದ ಸಾಫ್ಟ್‌ವೇರನ್ನೂ ಹಾಕಿಕೊಟ್ಟಳು. ಗುಜರಿಯವನಿಗೆ ನಾಳೆ ಬಾರಪ್ಪ ಎಂದು ಹೇಳಿದೆ.

ಸಂಜೆ ಯಜಮಾನರು ಪೇಪರಿನ ಹಿಂದಿನಿಂದ ಕೇಳಿದರು. "ನಮ್ಮಮ್ಮ ನಾನು ಸೋಮವಾರ ರಾತ್ರಿ ಹುಟ್ಟಿದ್ದು ಅಂತಿದ್ರು, ಅಲ್ವಾ?"

"ಅದಕ್ಕೇನೀಗ?"

"ಏನಿಲ್ಲ. ಕೋಳಿ ಕೂಗೋ ಮುಂಚೆ ಅಂತಿದ್ರು."

ಅವರು ವಾಕಿಂಗಿಗೆ ಹೋದರು. ನಾನು ಬಾಗಿಲು ಹಾಕಿಕೊಂಡು ಹೊಸದರ ಮುಂದೆ ಕೂತು, ನಮ್ಮಿಬ್ಬರ ವಿವರ ತುಂಬಿ, ಅವರಿಗೆ ಮಂಗಳವಾರದ ತಾರೀಕು ಹಾಕಿದೆ. ತಾರೀಕು ಹಿಂದಿನ ದಿನದ್ದೋ ಮರುದಿನದ್ದೋ ಎಂದು ಅದು ಕೇಳಿತು. ಮರುದಿನದ್ದು ಎಂದು ಒತ್ತಿದೆ. ಹನ್ನೊಂದು ಬಂತು. ತಪ್ಪಿರಬೇಕೆಂದು ಮತ್ತೆ ಹಾಕಿದೆ. ಮತ್ತೆ ಹನ್ನೊಂದು. ನಮ್ಮಂಥ ಜೋಡಿ ಬೇರೆ ಯಾರದಾದರೂ ಆಗಿದ್ದರೆ ನಾನು ತುಟಿ ಬಿಗಿದು "ಊಂ" ಎಂದು, ತಾಂಬೂಲ ವಾಪಸ್ಸು ಕೊಟ್ಟು ಕಳಿಸುತ್ತಿದ್ದೆ. ಮೊದಲು ಬಂದದ್ದು ಸಿಟ್ಟು, ಹೊಸ ಡಬ್ಬದ ಮೇಲೆ. ಆಮೇಲೆ ಆ ಬಲಗಡೆ ಬಿದ್ದ ಹೂವು ನೆನಪಾಯಿತು. ಆಮೇಲೆ, ಯಾಕೋ, ಈ ಮನುಷ್ಯ ಇಷ್ಟು ವರ್ಷ ಬರೀ ಹನ್ನೊಂದು ಗುಣ ಇಟ್ಟುಕೊಂಡು ನನ್ನ ಜೊತೆ ಹೇಗೆ ಬಾಳಿದರು ಎಂದು ಅವರ ಮೇಲೆ ತುಂಬ ಪ್ರೀತಿ ಬಂತು. ವಾಕಿಂಗಿನಿಂದ ಬಂದವರ ಕೈಯಲ್ಲಿ ನಾನು ಹೇಳದೆಯೇ ಹಾಲಿನ ಪ್ಯಾಕೆಟ್ಟಿತ್ತು.

ಮರುದಿನ ಗುಜರಿಯವನು ಗೇಟಿನಲ್ಲಿ ನಿಂತು ಕೂಗಿದ. "ಇಲ್ಲಪ್ಪ, ಕೊಡಲ್ಲ. ಇನ್ನೂ ಓಡತ್ತೆ" ಎಂದು ಕಳಿಸಿದೆ.

"ಯಾಕೆ, ಹೊಸದು ಸರಿಯಿಲ್ವಾ?" ಎಂದರು ಯಜಮಾನರು.

"ಸರಿಯಾಗೇ ಇದೆ. ಆದ್ರೆ ಅದಕ್ಕೆ ಇನ್ನೂ ಅನುಭವ ಸಾಲದು."

ಅವರು ಪೇಪರನ್ನು ಸ್ವಲ್ಪ ಕೆಳಗಿಳಿಸಿ ನನ್ನನ್ನೇ ನೋಡಿದರು. "ನಮ್ಮದು ಎಷ್ಟು ಬಂತು?"

"ಇಪ್ಪತ್ತೊಂಬತ್ತು" ಎಂದೆ.

ಯಾವುದರಲ್ಲಿ ಎಂದು ಅವರು ಕೇಳಲಿಲ್ಲ. ಆ ಹೊತ್ತಿಗೆ ನಾನು ಹಳೆಯದರ ಗುಂಡಿ ಒತ್ತಿ, ರವೆ ಹುರಿಯಲು ಅಡುಗೆಮನೆ ಸೇರಿಯಾಗಿತ್ತು.